ಹೆಂಚಿನ ಮನೆಯ ಅಡುಗೆಮನೆ: ನೆಲ ಒಡೆಯದೆ ಹೊಸದು ಮಾಡಿಸುವುದು ಹೇಗೆ?

ಹಳೇ ಅಡುಗೆಮನೆ ತೋರಿಸಿದರೆ ಮೇಸ್ತ್ರಿ ಮೊದಲು ಹೇಳುವುದು ಒಂದೇ ಮಾತು: 'ಎಲ್ಲಾ ಕಿತ್ತು ಟೈಲ್ಸ್ ಹಾಕಿಬಿಡೋಣ ಸಾರ್.' ಒಪ್ಪಬೇಡಿ. ಗ್ರಾನೈಟ್ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಹಾಕುವ ರೆಡ್ ಆಕ್ಸೈಡ್ ನೆಲವನ್ನು ತಿಕ್ಕಿ ತಿಕ್ಕಿ ಹೊಳಪು ತರುವವರು ಈಗ ಕಡಿಮೆ. ನೆಲ ಉಳಿಯಬೇಕು, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

ಹಾಗಾಗಿ ಕೆಲಸ ಶುರುವಾಗುವುದು ಪೈಪಿನಿಂದ. ಸಿಂಕನ್ನು ಹೊರಗೋಡೆಗೆ ತಾಗಿಸಿ ಇಡಿಸಿ, ಹಳೇ ಮೋರಿ ಇದ್ದ ಕಡೆಯಾದರೆ ಇನ್ನೂ ಒಳ್ಳೆಯದು, ತೊಳೆದ ನೀರು ಗೋಡೆಯಲ್ಲೇ ತೂರಿ ನೇರ ಹೊರಗಿಳಿಯುತ್ತದೆ. ಎಲ್ಲೋ ಒಂದು ಕಡೆ ನೆಲ ಒಡೆಯಲೇಬೇಕಾಗಿ ಬಂದರೆ ಆ ಜಾಗಕ್ಕೆ ಕೆಂಪು ಬಣ್ಣ ಹಾಕಿ ಮುಚ್ಚಲು ಹೋಗಬೇಡಿ. ಎಷ್ಟೇ ಹದ ನೋಡಿ ಬೆರೆಸಿದರೂ ಹಳೇ ಕೆಂಪಿಗೆ ಹೊಸ ಕೆಂಪು ಕೂಡುವುದು ಕಷ್ಟ, ತೇಪೆ ಬಾಗಿಲಿನಿಂದಲೇ ಕಾಣುತ್ತದೆ. ಬದಲಿಗೆ ನೇರ ಗೆರೆಯಲ್ಲಿ ಕತ್ತರಿಸಿ ಕಡಪ ಕಲ್ಲಿನ ಪಟ್ಟಿ ಕೂರಿಸಿ. ಬೇಕಂತಲೇ ಹಾಕಿಸಿದ ಬಾರ್ಡರ್ ಥರ ಇರುತ್ತದೆ.

ಕೆಲಸ ಮುಗಿಯುವವರೆಗೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪ್ಲೈವುಡ್ ಇರಲಿ. ಬಿದ್ದ ಸಿಮೆಂಟು ತೆಗೆಯಲು ಆಸಿಡ್ ಹಾಕಿದರೆ ನೆಲ ಹೋದಂತೆಯೇ. ಕೊನೆಗೆ ಸಾದಾ ನೀರಲ್ಲಿ ಒರೆಸಿ, ಬಟ್ಟೆಗೆ ಸ್ವಲ್ಪವೇ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ. ಜಾಸ್ತಿಯಾದರೆ ಕಾಲು ಜಾರುತ್ತದೆ, ಅಷ್ಟೆ.

ಗೋಡೆ ಮಣ್ಣಿನದ್ದಾದರೆ ಸಿಮೆಂಟ್ ಗಾರೆ ಬೇಡ. ಒಳಗಿನ ತೇವ ಹೊರಬರಲಾಗದೆ ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆ ಮಾಡಿಸಿ, ಮೇಲೆ ಸುಣ್ಣವನ್ನೇ ಬಳಿಸಿ. ಟೈಲ್ಸ್ ಒಲೆ ಮತ್ತು ಸಿಂಕಿನ ಹಿಂದೆ ಎರಡು ಅಡಿ ಇದ್ದರೆ ಸಾಕು. ಗೋಡೆಯ ಗೂಡು ಮುಚ್ಚಿಸಬೇಡಿ, ಎಣ್ಣೆ ಬಾಟಲಿಗೆ ಅದಕ್ಕಿಂತ ಒಳ್ಳೇ ಜಾಗ ಯಾವುದಿದೆ?

ಅಡುಗೆ ಕಟ್ಟೆಯ ಎತ್ತರ ಸಾಮಾನ್ಯವಾಗಿ 32ರಿಂದ 34 ಇಂಚು. ಆದರೆ ದಿನಾ ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳತೆ ತೆಗೆಯಿರಿ, ಮೇಸ್ತ್ರಿಯ ಸೊಂಟಕ್ಕಲ್ಲ. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಸ್ಟೌ ಅದಕ್ಕಿಂತ ಎತ್ತರದಲ್ಲಿರಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ, ಅದಕ್ಕೇ ನೆಲದ ಹತ್ತಿರ ಗಾಳಿಗೆ ದಾರಿ ಬೇಕು. ಸಿಲಿಂಡರಿಗೆ ಮುಚ್ಚಿದ ಕಪಾಟು ಎಷ್ಟೇ ಚೆಂದ ಕಂಡರೂ ಬೇಡ. ಹಳೇ ವೈರಿಂಗ್ ಪೂರ್ತಿ ಬದಲಿಸಿ. ಅರ್ಥಿಂಗ್ ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು) ವಿಷಯದಲ್ಲಿ ಉಳಿತಾಯ ಬೇಡ. ವೈರಿನ ಪೈಪು ಗೋಡೆಯ ಮೇಲೆಯೇ ಹೋಗಲಿ, ಕಂಡರೆ ಏನಂತೆ!

ಇನ್ನು ಸೂರು. ಸೌದೆ ಒಲೆ ಉರಿಯುತ್ತಿದ್ದಾಗ ಹೊಗೆಗೆ ಹುಳ ಮರದ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ಕಾವಲಿಲ್ಲ. ಹೆಂಚು ಹೊರುವ ಪಕಾಸಿಗಳನ್ನು ಒಂದೊಂದಾಗಿ ಬಡಿದು ನೋಡಿ, ಟೊಳ್ಳು ಸದ್ದು ಬಂದದ್ದನ್ನು ಬದಲಿಸಿ. ಫಾಲ್ಸ್ ಸೀಲಿಂಗ್ ಹಾಕಿಸಿದರೆ ಗೆದ್ದಲು ಹತ್ತಿದ್ದೂ ಗೊತ್ತಾಗುವುದಿಲ್ಲ. ಕತ್ತಲೆ ಅನ್ನಿಸಿದರೆ ಕಟ್ಟೆಯ ನೇರಕ್ಕೆ ಸೂರಿನಲ್ಲಿ ಎರಡು ಗಾಜಿನ ಹೆಂಚು ಸಾಕು. ಹೆಂಚು ತರುವಾಗ ಮಾತ್ರ ಎಚ್ಚರ: 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಒಂದರ ಹೆಂಚಿನ ತೋಡು ಇನ್ನೊಂದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಸೂರಿನಿಂದ ಒಂದು ಹೆಂಚು ಇಳಿಸಿ ಅಂಗಡಿಗೆ ಒಯ್ದು, ಮೇಲಿಟ್ಟು ನೋಡಿಯೇ ತನ್ನಿ. ಈ ಕೆಲಸ ಮಾತ್ರ ದೀಪಾವಳಿ ಕಳೆದು, ಮಳೆ ಪೂರ್ತಿ ನಿಂತ ಮೇಲೆ.