ಐವತ್ತು ವರ್ಷದ ನಂತರ ಕೋರ್ಸ್‌ಮೇಟ್‌ಗಳನ್ನು ಬೀದರ್‌ಗೆ ಕರೆಸುವುದು ಹೇಗೆ?

ಪಾಸ್‌ಔಟ್ ಆಗಿ ಐವತ್ತು ವರ್ಷ ತುಂಬಿತು, ಬೀದರ್‌ನಲ್ಲೇ ಒಮ್ಮೆ ಸೇರೋಣ ಅಂತ ಅಪ್ಪನ ಕೋರ್ಸ್‌ನವರು, ಅಂದರೆ ಏರ್‌ಫೋರ್ಸ್ ಪೈಲಟ್ ಆಗಲು ಅಪ್ಪನ ಜೊತೆ ಒಂದೇ ತಂಡದಲ್ಲಿ ತರಬೇತಿ ಪಡೆದವರು, ಮಾತಾಡಿಕೊಂಡರು. ಊರಲ್ಲೇ ಇರುವ ಮಗಳು ನಾನು, ಹಾಗಾಗಿ ಓಡಾಟದ ಕೆಲಸ ನನಗೆ ಬಂತು. ಪೂರ್ತಿ ಒಂದು ವರ್ಷ ಹಿಡಿಯಿತು. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಮನೆಗಳಲ್ಲೂ ಖಡಕ್‌ವಾಸ್ಲಾದ ಎನ್‌ಡಿಎ, ಡೆಹ್ರಾಡೂನಿನ ಐಎಂಎ, ದುಂಡಿಗಲ್‌ನ ಏರ್‌ಫೋರ್ಸ್ ಅಕಾಡೆಮಿ, ಇಂಥ ಸೇನಾ ತರಬೇತಿ ಸಂಸ್ಥೆಗಳಿಂದ ಬಂದ ಹಿರಿಯರಿದ್ದಾರೆ. ನಾಳೆ ಅವರ ಮಗನೋ ಸೊಸೆಯೋ ಇಂಥ ಕೆಲಸ ಹೊತ್ತುಕೊಂಡರೆ ಅನುಕೂಲವಾಗಲಿ ಅಂತ ಇದನ್ನು ಬರೆದಿದ್ದೇನೆ.

ಬೀದರ್ ಯಾಕೆ, ದುಂಡಿಗಲ್ ಅಕಾಡೆಮಿಯಲ್ಲೇ ಸೇರಬಹುದಲ್ವಾ ಅಂತ ನಾನೂ ಕೇಳಿದ್ದೆ. ಎಪ್ಪತ್ತರ ದಶಕದಲ್ಲಿ ಪೈಲಟ್ ಆಗುವ ಹುಡುಗರು ಮೊದಲು ಬರುತ್ತಿದ್ದದ್ದು ಇಲ್ಲಿಯ ಎಲಿಮೆಂಟರಿ ಫ್ಲೈಯಿಂಗ್ ಸ್ಕೂಲ್‌ಗೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ವಿಮಾನದಲ್ಲಿ ಪಾಠ. ಹಿಂದೊಂದು ಮುಂದೊಂದು ಸೀಟು, ಒಂದರಲ್ಲಿ ಹುಡುಗ, ಇನ್ನೊಂದರಲ್ಲಿ ಕಲಿಸುವವರು. ಒಂದು ದಿನ ಕಲಿಸುವವರು ಇಳಿದು ಬಿಡುತ್ತಾರೆ, ಹುಡುಗ ಒಬ್ಬನೇ ಹಾರುತ್ತಾನೆ. ಅದೇ ಸೋಲೋ. ಇಲ್ಲಿ ಗೆದ್ದವರು ಮುಂದೆ ದುಂಡಿಗಲ್‌ಗೆ ಹೋಗಿ ಪಾಸ್‌ಔಟ್ ಆಗುತ್ತಿದ್ದರು. "ಯೂನಿಫಾರ್ಮ್ ದುಂಡಿಗಲ್ ಕೊಟ್ಟಿತು, ಆಕಾಶ ಬೀದರ್ ಕೊಟ್ಟಿತು" ಅಂತ ಅಪ್ಪ ಹೇಳಿದ ಮೇಲೆ ನಾನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಪಟ್ಟಿ, ಒಂದು ವರ್ಷ ಮೊದಲೇ

ಹಾಲ್, ಊಟ, ಬಸ್ಸು ಎಲ್ಲ ಆಮೇಲೆ. ಮೊದಲು ಪಾಸ್‌ಔಟ್ ದಿನದ ಗ್ರೂಪ್ ಫೋಟೋ ಹುಡುಕಿ. ಯಾರದಾದರೂ ಮನೆಯ ಗೋಡೆ ಮೇಲೆ ಇದ್ದೇ ಇರುತ್ತದೆ. ಕೆಳಗೆ ಸಾಲು ಸಾಲಾಗಿ ಹೆಸರು ಇರುತ್ತವೆ. ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿಗೂ ಒಂದು ಪುಟ ಬಿಡಿ. ಅಡ್ಡಹೆಸರು ತಪ್ಪದೆ ಬರೆದುಕೊಳ್ಳಿ. ಐವತ್ತು ವರ್ಷದಿಂದ ಅಡ್ಡಹೆಸರಲ್ಲೇ ಕರೆದುಕೊಂಡವರಿಗೆ ಎಷ್ಟೋ ಸಲ ಪೂರ್ತಿ ಹೆಸರೇ ನೆನಪಿರುವುದಿಲ್ಲ. ಹೆಂಡತಿಯ ಹೆಸರು, ಅವರ ಫೋನ್ ನಂಬರ್ ಕೂಡ ಬೇಕು. ಈ ವಯಸ್ಸಿನಲ್ಲಿ ಫೋನ್ ಎತ್ತುವುದು ಹೆಚ್ಚಾಗಿ ಅವರೇ.

ಹಳೆಯ ಡೈರಿ, ದೀಪಾವಳಿ ಗ್ರೀಟಿಂಗ್ ಕಾರ್ಡಿನ ಹಿಂದಿನ ವಿಳಾಸ, ಮಕ್ಕಳ ಮದುವೆ ಕಾರ್ಡು, ಯಾವುದನ್ನೂ ಬಿಡಬೇಡಿ. ಒಬ್ಬರು ಸಿಕ್ಕರೆ ಅವರಿಂದ ಇಬ್ಬರು ಸಿಗುತ್ತಾರೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಮಾಡಿ. ತಿಂಡಿ, ಮಾತ್ರೆ, ವಾಕಿಂಗ್ ಎಲ್ಲ ಮುಗಿದಿರುತ್ತದೆ.

"ಸರ್ ಇದ್ದಾರಾ?" ಅಂತ ಮಾತ್ರ ಶುರು ಮಾಡಬೇಡಿ. ಮೊದಮೊದಲು ನಾನು ಹಾಗೇ ಕೇಳಿದೆ. ಎರಡು ಮನೆಗಳಲ್ಲಿ ಆ ಕಡೆ ಮಾತೇ ನಿಂತು ಹೋಯಿತು. ಆಮೇಲೆ ರೀತಿ ಬದಲಿಸಿದೆ. "ನಮಸ್ಕಾರ ಆಂಟಿ, ನಾನು ಬೀದರ್‌ನಿಂದ ಮಾತಾಡ್ತಿದ್ದೀನಿ. ನಮ್ಮ ಅಪ್ಪ ಮತ್ತು ಅಂಕಲ್ ಒಂದೇ ಕೋರ್ಸ್" ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಮುಂದಿನದನ್ನು ಅವರೇ ಹೇಳುತ್ತಾರೆ. ಪುಣೆಯ ಒಬ್ಬ ಆಂಟಿ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಅವರು ಹೋಗಿ ಮೂರು ವರ್ಷ ಆಯಿತು ಬೇಟಾ. ಬೀದರ್ ಸುದ್ದಿ ದಿನಾ ಹೇಳೋರು. ನಾನೊಬ್ಬಳೇ ಬಂದರೆ ನಡೆಯುತ್ತಾ?"

ನಡೆಯುತ್ತದೆ ಅಂತ ಪಟ್ಟಿ ಮಾಡುವ ಮೊದಲೇ ಎಲ್ಲರೂ ಸೇರಿ ತೀರ್ಮಾನ ಮಾಡಿಕೊಳ್ಳಿ. ಗಂಡ ಇಲ್ಲದವರನ್ನು ಅತಿಥಿ ಅಂತ ಕರೆಯಬಾರದು. ಕೋರ್ಸ್‌ನವರು ಅಂತಲೇ ಕರೆಯಬೇಕು. ಅವರಿಂದ ದುಡ್ಡು ತೆಗೆದುಕೊಳ್ಳಬಾರದು.

ಫೋಟೋದಲ್ಲಿ ಇಲ್ಲದವರು

ಪಾಸ್‌ಔಟ್ ಫೋಟೋದಲ್ಲಿ ಇರುವವರು ದಾಟಿ ಬಂದವರು ಮಾತ್ರ. ಮೊದಲ ದಿನ ಟ್ರಂಕ್ ಹೊತ್ತು ಬಂದವರು ಅದಕ್ಕಿಂತ ಜಾಸ್ತಿ. ಸೋಲೋ ಆಗದವರನ್ನು ಹಾರಾಟದಿಂದ ಸಸ್ಪೆಂಡ್ ಮಾಡುತ್ತಿದ್ದರು. ಕೆಲವರು ಬೇರೆ ಬ್ರಾಂಚ್‌ಗೆ ಹೋದರು, ಕೆಲವರು ಮನೆಗೆ ಹೋದರು. ಕಾಲು ಮುರಿದುಕೊಂಡು ಒಂದು ಟರ್ಮ್ ಹಿಂದೆ ಬಿದ್ದು ಕೆಳಗಿನ ಕೋರ್ಸ್ ಜೊತೆ ಪಾಸ್ ಆದವರೂ ಇರುತ್ತಾರೆ. ಇವರನ್ನೆಲ್ಲ ಕರೆಯುವುದನ್ನು ಯಾರೂ ನೆನಪು ಮಾಡುವುದಿಲ್ಲ. ನೀವು ನೆನಪು ಮಾಡಿ.

ಅಪ್ಪನಿಗೆ ಸುರಪುರದ ಕಡೆಯ ಒಬ್ಬರ ನೆನಪಿತ್ತು. ಬೀದರ್‌ನಿಂದಲೇ ವಾಪಸ್ ಹೋದವರು. ಊರಿನ ಹೆಸರು ಹಿಡಿದು ಹುಡುಕಿದೆವು, ಸಿಕ್ಕರು. ಗಣಿತದ ಮೇಷ್ಟ್ರಾಗಿ ರಿಟೈರ್ ಆಗಿದ್ದಾರೆ. ನಾನು ವಿಷಯ ಹೇಳಿದಾಗ, "ನಾ ಎಲ್ಲಿ ಪಾಸಾಗೀನಿ ಯವ್ವಾ, ಆ ಫೋಟೋದಾಗ ನಾ ಇಲ್ಲ" ಅಂದರು. ಅಪ್ಪ ನನ್ನ ಕೈಯಿಂದ ಫೋನ್ ಕಸಿದುಕೊಂಡರು. "ಏ, ಬಾರಲೇ. ನಿನ್ನ ಕಾಟ್ ನನ್ನ ಮಗ್ಗಲ್ದಾಗೇ ಇತ್ತು. ಫೋಟೋ ಯಾರು ಕೇಳ್ಯಾರ?" ಅಂದರು. ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಅಪ್ಪ ಬಹಳ ಹೊತ್ತು ಫೋನ್ ಇಡಲಿಲ್ಲ.

ಹೀಗೆ ತರಬೇತಿ ನಡುವೆ ವಾಪಸ್ ಹೋದವರಿಗೆ ಬರೀ ವಾಟ್ಸ್‌ಆ್ಯಪ್ ಮೆಸೇಜ್ ಹಾಕಿ ಬಿಡಬೇಡಿ. ಅವರ ಜೊತೆ ರೂಮಿನಲ್ಲಿ ಇದ್ದವರೇ ಫೋನ್ ಮಾಡಬೇಕು. ಒಂದು ಸಲ ಬೇಡ ಅಂದರೆ ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಮಾಡಬೇಕು.

ಯಾವಾಗ, ಹೇಗೆ ಬರುವುದು

ನವೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದ ತನಕ ಒಳ್ಳೆಯದು. ಬೀದರ್ ಎತ್ತರದ ಮೇಲಿರುವ ಊರು, ಬೆಳಿಗ್ಗೆ ಚಳಿ ಇರುತ್ತದೆ, ಸ್ವೆಟರ್ ತರಲು ಹೇಳಿ. ಎಳ್ಳಮಾವಾಸ್ಯೆ ಯಾವತ್ತು ಅಂತ ಪಂಚಾಂಗದಲ್ಲಿ ನೋಡಿಕೊಳ್ಳಿ. ಆ ದಿನ ಇಡೀ ಊರು ಹೊಲದಲ್ಲಿ ಇರುತ್ತದೆ. ಡ್ರೈವರ್ ಸಿಗುವುದಿಲ್ಲ, ಅಡುಗೆಯವರೂ ಸಿಗುವುದಿಲ್ಲ. ಹೊಲ ಇರುವ ನೆಂಟರಿದ್ದರೆ ಮಾತ್ರ ಅದೇ ದಿನ ಎಲ್ಲರನ್ನೂ ಹೊಲಕ್ಕೆ ಕರೆದೊಯ್ದು ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬಡಿಸಿ. ದೆಹಲಿಯಿಂದ ಬಂದವರು ಅದನ್ನು ಮರೆಯುವುದಿಲ್ಲ.

ಶನಿವಾರ, ಭಾನುವಾರ ಬೇಡ. ಈಗ ಬೀದರ್‌ನಲ್ಲಿ ಹಾಕ್ ಜೆಟ್‌ಗಳಲ್ಲಿ ಹುಡುಗರಿಗೆ ಕಲಿಸುತ್ತಾರೆ, 2008ರಿಂದ. ಆಕಾಶದಲ್ಲಿ ಕಸರತ್ತು ತೋರಿಸುವ ಏರ್‌ಫೋರ್ಸ್‌ನ ಸೂರ್ಯಕಿರಣ್ ತಂಡ ಹುಟ್ಟಿದ್ದೂ ಇಲ್ಲೇ, 1996ರಲ್ಲಿ. ರಜೆ ದಿನ ಸೇರಿದರೆ ಆಕಾಶ ಸುಮ್ಮನಿರುತ್ತದೆ. ಬುಧವಾರ, ಗುರುವಾರ ಇಟ್ಟುಕೊಂಡರೆ ತಲೆ ಮೇಲೆ ಆ ಸದ್ದು ಕೇಳಬಹುದು. ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಒಂದು ಹಾಕ್ ಹೋಯಿತು. ಎಲ್ಲರ ಮಾತೂ ನಿಂತಿತು, ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು. ಕಿವಿಗೆ ಮಷೀನ್ ಹಾಕಿಕೊಂಡವರು ಎಲ್ಲರಿಗಿಂತ ಮೊದಲು ನೋಡಿದರು.

ದೂರದವರು ಹೈದರಾಬಾದ್‌ಗೆ ವಿಮಾನದಲ್ಲಿ ಬಂದು ಅಲ್ಲಿಂದ ಕಾರಿನಲ್ಲಿ ಬರುವುದು ಸುಲಭ. ಮೂರು ಗಂಟೆ ಆಗುತ್ತದೆ, ನಡುವೆ ಒಂದು ಕಡೆ ನಿಲ್ಲಿಸಿ. ಕಲಬುರಗಿಗೆ ಬರುವವರಿಗೆ 2017ರಲ್ಲಿ ಶುರುವಾದ ಕಲಬುರಗಿ–ಬೀದರ್ ರೈಲು ಮಾರ್ಗವಿದೆ. ಒಬ್ಬೊಬ್ಬರಾಗಿ ಬರಲು ಬಿಡಬೇಡಿ. ಮೂರು ಮೂರು ಜನರನ್ನು ಒಂದೇ ಕಾರಿಗೆ ಹಾಕಿ. ಅವರ ಸಮ್ಮೇಳನ ಆ ಕಾರಿನಲ್ಲೇ ಶುರುವಾಗುತ್ತದೆ.

ರೂಮುಗಳನ್ನು ನೀವೇ ಹೋಗಿ ನೋಡಿ. ಫೋನಿನಲ್ಲಿ "ಲಿಫ್ಟ್ ಇದೆ" ಅಂದ ಒಂದು ಲಾಡ್ಜ್‌ಗೆ ನಾನು ಹೋಗಿ ನೋಡಿದರೆ ಲಿಫ್ಟ್ ತಿಂಗಳಿಂದ ನಿಂತಿತ್ತು. ನೆಲಮಹಡಿ, ಕಮೋಡ್, ಬಚ್ಚಲಲ್ಲಿ ಹಿಡಿದುಕೊಳ್ಳಲು ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ, ಇಷ್ಟು ಇದ್ದರೆ ಬಾಕಿ ಎಲ್ಲ ನಡೆಯುತ್ತದೆ. ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ತರಲು ಹೇಳಿ. ಊರಿನ ಸರ್ಕಾರಿ ಬ್ರಿಮ್ಸ್ ಆಸ್ಪತ್ರೆಯ ದಾರಿ ಎಲ್ಲ ಡ್ರೈವರ್‌ಗಳಿಗೂ ಗೊತ್ತಿರಲಿ.

ಖರ್ಚಿಗೆ ಬೇರೆ ಬ್ಯಾಂಕ್ ಖಾತೆ ಮಾಡಿ. ಎಲ್ಲರಿಗೂ ಒಂದೇ ಪಾಲು. ಜಾಸ್ತಿ ಕೊಡುತ್ತೇನೆ ಅನ್ನುವವರು ಹೆಸರು ಹೇಳದೆ ಕೊಡಲಿ.

ಏರ್‌ಫೋರ್ಸ್ ಸ್ಟೇಷನ್ ಒಳಗೆ

ಹಳೆಯ ರನ್‌ವೇ ನೋಡಬೇಕು ಅಂತ ಎಲ್ಲರಿಗೂ ಆಸೆ. ಮೂರು ತಿಂಗಳು ಮೊದಲೇ ಸ್ಟೇಷನ್‌ಗೆ ಪತ್ರ ಬರೆಯಿರಿ. ಕೋರ್ಸ್‌ನ ಹಿರಿಯರೊಬ್ಬರು ಸಹಿ ಹಾಕಲಿ. ಬರುವವರ ಹೆಸರು, ಗುರುತಿನ ಚೀಟಿ ವಿವರ, ಗಾಡಿ ನಂಬರ್ ಎಲ್ಲ ಜೊತೆಗಿರಲಿ. ಹೊರದೇಶದ ಪಾಸ್‌ಪೋರ್ಟ್ ಇರುವ ಮಕ್ಕಳು, ಮೊಮ್ಮಕ್ಕಳು ಬಂದರೆ ಅದನ್ನು ಬೇರೆಯಾಗಿ ತಿಳಿಸಿ. ಒಳಗೆ ಹೋದ ಮೇಲೆ ಅವರು ಹೇಳದೆ ಫೋಟೋ ತೆಗೆಯಬೇಡಿ. ಅದು ಕೆಲಸ ನಡೆಯುವ ಜಾಗ, ಅನುಮತಿ ಸಿಗದೇ ಇರಬಹುದು. ಅದಕ್ಕೆ ಇಡೀ ಕಾರ್ಯಕ್ರಮವನ್ನು ಅದರ ಮೇಲೆ ನಿಲ್ಲಿಸಬೇಡಿ.

ಕೋಟೆಗೆ ಹೋಗುವುದಾದರೆ ಸೋಲಾ ಕಂಬ ಮಸೀದಿಯ ಮುಂದಿನ ತೋಟದ ತನಕ ಸಾಕು. ಝರಣಿ ನರಸಿಂಹ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆಯಬೇಕು, ಈ ವಯಸ್ಸಿಗೆ ಬೇಡ. ನಾನಕ್ ಝೀರಾ ಗುರುದ್ವಾರಕ್ಕೆ ಮಾತ್ರ ತಪ್ಪದೆ ಹೋಗಿ. ಕ್ಯಾಡೆಟ್ ದಿನಗಳಲ್ಲಿ ಸರ್ದಾರ್ ಹುಡುಗರ ಜೊತೆ ಎಲ್ಲರೂ ಅಲ್ಲಿ ಊಟಕ್ಕೆ ಹೋಗುತ್ತಿದ್ದರಂತೆ. ಲಂಗರ್‌ನಲ್ಲಿ ನೆಲದ ಮೇಲೆ ಕೂರಬೇಕು. ಮಂಡಿ ನೋವಿನವರ ಬಗ್ಗೆ ಸೇವೆಯವರಿಗೆ ಮೊದಲೇ ಹೇಳಿಡಿ.

ಎರಡು ದಿನ, ಕಡಿಮೆ ಕಾರ್ಯಕ್ರಮ

ಸ್ವಾಗತ ಭಾಷಣ, ಡಿಜೆ, ಆ್ಯಂಕರ್ ಏನೂ ಬೇಡ. ಜೋರು ಸದ್ದಿನಲ್ಲಿ ಕಿವಿ ಮಷೀನ್‌ನವರಿಗೆ ಪಕ್ಕದವರ ಮಾತೇ ಕೇಳುವುದಿಲ್ಲ. ಬಿಸಿಲು ಬೀಳುವ ಕಡೆ ಕುರ್ಚಿಗಳನ್ನು ಗುಂಡಾಗಿ ಹಾಕಿ, ಚಹಾ ತಪ್ಪದೆ ಬರುತ್ತಿರಲಿ. ಅಷ್ಟೇ ಬೇಕಾದದ್ದು.

ಎದೆಗೆ ಹಾಕುವ ಬ್ಯಾಡ್ಜ್ ಮೇಲೆ ಕ್ಯಾಡೆಟ್ ದಿನದ ಫೋಟೋ, ಅಡ್ಡಹೆಸರು ದೊಡ್ಡ ಅಕ್ಷರದಲ್ಲಿ ಇರಲಿ. ರ್ಯಾಂಕ್ ಬೇಡ. ಒಂದೇ ಕೋರ್ಸ್‌ನಲ್ಲಿ ಏರ್ ಮಾರ್ಷಲ್ ಆದವರೂ ಇರುತ್ತಾರೆ, ಚಿಕ್ಕ ರ್ಯಾಂಕಲ್ಲೇ ಬಿಟ್ಟವರೂ ಇರುತ್ತಾರೆ. ರ್ಯಾಂಕ್ ನೋಡಿ ಮುಂದಿನ ಸಾಲು, ಹಿಂದಿನ ಸಾಲು ಮಾಡಿದರೆ ಅರ್ಧ ಜನ ಮಧ್ಯಾಹ್ನಕ್ಕೇ ರೂಮಿಗೆ ಹೋಗಿ ಬಿಡುತ್ತಾರೆ.

ಮೊದಲ ಸಂಜೆ, ಊಟಕ್ಕೆ ಮುಂಚೆ, ತೀರಿಹೋದವರ ಹೆಸರು ಓದಿ. ಇದನ್ನು ಅವಸರದಲ್ಲಿ ಮಾಡಬಾರದು. ನಾವು ಮೊದಲ ದಿನದ ಹಾಜರಿಯ ಕ್ರಮದಲ್ಲೇ ಎಲ್ಲ ಹೆಸರನ್ನೂ ಕೂಗಿಸಿದೆವು. ಇದ್ದವರು "ಹಾಜರ್ ಸರ್" ಅಂದರು. ಇಲ್ಲದವರ ಹೆಸರು ಬಂದಾಗ ರೂಮ್‌ಮೇಟ್ ಆಗಿದ್ದವರೋ ಹೆಂಡತಿಯೋ ಎದ್ದು ಒಂದು ಹಣತೆ ಹಚ್ಚಿದರು. ಹಾರಾಟದ ಅಪಘಾತದಲ್ಲಿ ಇಪ್ಪತ್ತೈದು ತುಂಬುವ ಮೊದಲೇ ಹೋದ ಇಬ್ಬರಿದ್ದರು. ಅವರಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಪ್ಪ ಅಮ್ಮ ಯಾವಾಗಲೋ ಹೋಗಿದ್ದಾರೆ. ಒಬ್ಬರ ತಂಗಿಯನ್ನು ನಾಗಪುರದಲ್ಲಿ ಹುಡುಕಿ ಕರೆಸಿದ್ದೆವು. ಅಣ್ಣನ ಹೆಸರು ಬಂದಾಗ ಅವರು ಎದ್ದರು. ಕೈ ನಡುಗಿ ಬೆಂಕಿಕಡ್ಡಿ ಎರಡು ಸಲ ಆರಿತು. ಅಣ್ಣನ ಜೊತೆ ಹಾರಿದ್ದ ಅಂಕಲ್ ಒಬ್ಬರು ಎದ್ದು ಹೋಗಿ ಗಾಳಿಗೆ ಕೈ ಅಡ್ಡ ಹಿಡಿದರು. ಹಾಗಾಗಿ ಬಯಲಲ್ಲಿ ಮಾಡುವುದಾದರೆ ಗಾಜಿನ ಮುಚ್ಚಳದ ದೀಪ ಇಡಿ. ನಿಲ್ಲಲು ಆಗದವರು ಕೂತೇ ಇರಲಿ ಅಂತ ಮೊದಲೇ ಹೇಳಿ.

ಹೆಸರು ಮುಗಿದ ಮೇಲೆ ಅರ್ಧ ಗಂಟೆ ಏನೂ ಇಡಬೇಡಿ. ಹಾಡೂ ಬೇಡ.

ನೆನಪಿಗೆ ಬಿದ್ರಿ

ಪ್ಲಾಸ್ಟಿಕ್ ಫಲಕ ಕೊಡಬೇಡಿ, ಬಿದ್ರಿ ಕೊಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಎಲ್ಲ ಕೈಕೆಲಸ, ಆದ್ದರಿಂದ ಮೂರು ತಿಂಗಳು ಮೊದಲೇ ಹೇಳಬೇಕು. ಬೆಳ್ಳಿ ದರ ಏರುತ್ತಿರುತ್ತದೆ, ಆರ್ಡರ್ ಕೊಡುವ ದಿನವೇ ದರ ಬರೆಸಿಕೊಳ್ಳಿ. ನಾವು ಅಂಗೈ ಅಗಲದ ಫಲಕದ ಮೇಲೆ ಎಚ್‌ಟಿ-2 ಚಿತ್ರ, ಕೆಳಗೆ ಅವರವರ ಹೆಸರು ಕೊರೆಸಿದೆವು. ಚಿತ್ರವನ್ನು ಮೊದಲು ಒಬ್ಬ ಪೈಲಟ್‌ಗೆ ತೋರಿಸಿ. ನಮ್ಮ ಮೊದಲ ನಮೂನೆಯಲ್ಲಿ ಬಾಲದ ಕೆಳಗಿನ ಚಕ್ರ ಇರಲಿಲ್ಲ, ಅಪ್ಪ ಒಂದೇ ನೋಟಕ್ಕೆ ಹಿಡಿದರು. ಸುರಪುರದ ಮೇಷ್ಟ್ರಿಗೂ ಅದೇ ಫಲಕ, ಅದೇ ವಿಮಾನ. ಮಂಕಾದರೆ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಬೇಕು ಅಂತ ಡಬ್ಬಿಯಲ್ಲೇ ಒಂದು ಚೀಟಿ ಹಾಕಿ.

ಹೋದ ಮೇಲೆ

ಎರಡನೇ ದಿನ ಬೆಳಿಗ್ಗೆ ಒಂಬತ್ತಕ್ಕೆ, ಬಿಸಿಲು ಕಣ್ಣಿಗೆ ಹೊಡೆಯುವ ಮೊದಲು, ಗ್ರೂಪ್ ಫೋಟೋ ತೆಗೆಸಿ. ಬೆಂಚು ಹತ್ತಿಸಬೇಡಿ. ಮುಂದೆ ಕುರ್ಚಿ, ಹಿಂದೆ ನಿಲ್ಲುವವರು, ಎರಡೇ ಸಾಲು. ಹಳೆಯ ಫೋಟೋದ ಹಾಗೇ ಕೆಳಗೆ ಎಲ್ಲರ ಹೆಸರು ಬರಬೇಕು, ಆಂಟಿಯರದ್ದೂ. ಫೋನಿಗೆ ಕಳಿಸಿದರೆ ಸಾಲದು, ದೊಡ್ಡ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಹತ್ತು ದಿನದೊಳಗೆ ಸ್ಪೀಡ್ ಪೋಸ್ಟ್ ಮಾಡಿ. ಬಾರದವರಿಗೂ ಕಳಿಸಿ. ನೋಟ್‌ಬುಕ್ಕಿನ ಎರಡು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿ ಇರುವವರ ಹತ್ತಿರ ಇರಲಿ.

ಪ್ರಿಂಟ್ ಹಾಕಿಸುವಾಗ ಲೆಕ್ಕಕ್ಕಿಂತ ಐದು ಜಾಸ್ತಿ ಹಾಕಿಸಿ. ನಾವು ಕಳಿಸಿದ ವಾರಕ್ಕೆ ಸುರಪುರದಿಂದ ಫೋನ್ ಬಂತು. "ಫೋಟೋ ಬಂದದ ಯವ್ವಾ. ಇನ್ನೊಂದು ಕಳಿಸ್ತಿ ಏನು? ಮಗಳ ಮನಿಗಿ ಒಂದು ಬೇಕಾಗ್ಯಾದ."