ಆಟಿ ಮಳೆಯಲ್ಲಿ ಗ್ರಿನ್ಯಾರ್

‘ಗ್ರಿನ್ಯಾರ್ ಸುಮ್ನೆ ಜನವರಿಗೆ ಇಟ್ಕೊಳ್ಳಿ ಸಾರ್’ ಅಂತ ನಮ್ಮ ಲ್ಯಾಬ್ ಅಟೆಂಡರ್ ಪ್ರತಿ ಜುಲೈನಲ್ಲೂ ಹೇಳುತ್ತಾರೆ. ಗ್ರಿನ್ಯಾರ್ ಅಂದರೆ ಮೆಗ್ನೀಷಿಯಂ ಬಳಸಿ ಕಾರ್ಬನ್‌ಗೆ ಕಾರ್ಬನ್ ಜೋಡಿಸುವ ಪ್ರಯೋಗ, ಅದಕ್ಕೆ ನೀರು ಆಗಲ್ಲ. ಅವರ ಮಾತಲ್ಲಿ ಹುರುಳಿದೆ. ಕಾರ್ಬನ್ ಮೇಲೆ ಮೈನಸ್ ಚಾರ್ಜ್ ಕೂತರೆ ಅದು ಪ್ರೋಟಾನ್‌ಗಾಗಿ ಕಾಯುತ್ತಿರುತ್ತದೆ. ಪ್ರೋಟಾನ್ ಬಿಟ್ಟುಕೊಡಲು ಎಷ್ಟು ಹಿಂಜರಿಕೆ ಅನ್ನುವುದರ ಅಳತೆ ಪಿಕೆಎ; ಬೆಂಜೀನ್‌ನದು ಸುಮಾರು 43, ನೀರಿನದು 15.7. ಹಾಗಾಗಿ ಫಿನೈಲ್ ಕಾರ್ಬಾನಯಾನ್‌ಗೆ (ಪ್ರೋಟಾನ್ ಕಳೆದುಕೊಂಡ ಬೆಂಜೀನ್‌ಗೆ) ನೀರು ಸಿಕ್ಕಿತೋ, ಬೆಂಜೀನ್ ಆಗಿ ಕೆಲಸ ಮುಗಿಸಿಬಿಡುತ್ತದೆ. ಶಿವಮೊಗ್ಗದ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಒಣಗಲ್ಲ, ಇನ್ನು ಫ್ಲಾಸ್ಕ್?

ಎಂ.ಎಸ್ಸಿ. ಟೈಮ್‌ಟೇಬಲ್ ಮಳೆ ನೋಡಿ ಬರಲ್ಲವಲ್ಲ. ಅದಕ್ಕೇ ಗಾಜಿನ ಸಾಮಾನನ್ನು ಹಿಂದಿನ ರಾತ್ರಿಯೇ ಓವನ್‌ಗೆ ಹಾಕುತ್ತೇನೆ. ಬಿಸಿ ಇರುವಾಗಲೇ ಜೋಡಿಸಿ, ತಕ್ಷಣ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಗಾರ್ಡ್ ಟ್ಯೂಬ್ ಸಿಕ್ಕಿಸುತ್ತೇನೆ. ತಣ್ಣಗಾಗುವ ಫ್ಲಾಸ್ಕ್ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ತೇವ ನುಗ್ಗುವುದು ಆಗಲೇ. ಗಾರ್ಡ್ ಟ್ಯೂಬಿನ ಹರಳು ಅಂಟಂಟಾಗಿದ್ದರೆ ಎಸೆದು ಹೊಸದು ತುಂಬಿ. ಈಥರ್ ಸೋಡಿಯಂ ತಂತಿಯ ಮೇಲೆ ಒಣಗಿದ್ದೇ ಆಗಬೇಕು. ಬಾಟಲಿ ತೆರೆಯುವ ಮೊದಲು ಸುತ್ತಮುತ್ತ ಬರ್ನರ್ ಒಂದೂ ಉರಿಯುತ್ತಿರಬಾರದು.

ಮೆಗ್ನೀಷಿಯಂ ಚೂರನ್ನು ಒಣ ಕಲ್ಬತ್ತಿನಲ್ಲಿ ಸ್ವಲ್ಪ ಜಜ್ಜುತ್ತೇನೆ, ಮೇಲಿನ ಆಕ್ಸೈಡ್ ಒಡೆದು ಹೊಳೆಯುವ ಲೋಹ ಕಾಣಬೇಕು. ಈಥರ್, ಅಯೋಡಿನ್‌ನ ಒಂದು ಹರಳು, ಬ್ರೋಮೋಬೆಂಜೀನ್‌ನ ಕೆಲವೇ ಹನಿ. ಆಮೇಲೆ ಕಾಯಬೇಕು. ಇದೇ ಕಷ್ಟದ ಭಾಗ. ಹುಡುಗರಿಗೆ ತಾಳ್ಮೆ ಇರಲ್ಲ, ಉಳಿದ ಬ್ರೋಮೋಬೆಂಜೀನನ್ನೂ ಸುರಿದುಬಿಡೋಣ ಅಂತಾರೆ. ಬೇಡ. ತಡವಾಗಿ ಶುರುವಾದರೆ ಎಲ್ಲವೂ ಒಟ್ಟಿಗೆ ಉಕ್ಕುತ್ತದೆ. ಅಯೋಡಿನ್‌ನ ಕಂದು ಬಣ್ಣ ಮಾಯವಾಗಿ, ದ್ರಾವಣ ಮಬ್ಬಾಗಿ, ಲೋಹದ ಅಂಚಿನಿಂದ ಸಣ್ಣ ಗುಳ್ಳೆ ಏಳುತ್ತವೆ. ಈಥರ್ ಕುದಿಯುವುದು 35 ಡಿಗ್ರಿಗೆ, ಹಾಗಾಗಿ ಶುರುವಾದ ಮೇಲೆ ತನ್ನ ಬಿಸಿಗೆ ತಾನೇ ಕುದಿಯುತ್ತದೆ. ಆಗ ಉಳಿದದ್ದನ್ನು ಹನಿಹನಿಯಾಗಿ ಬಿಡಬೇಕು, ಪಕ್ಕದಲ್ಲಿ ಐಸ್ ಬಾತ್ ಇರಲಿ.

ಹೀಗೆ ತಯಾರಾದ ಗ್ರಿನ್ಯಾರ್ ರೀಏಜೆಂಟನ್ನು ಬೋರ್ಡ್ ಮೇಲೆ ಸೀದಾ ಕಾರ್ಬಾನಯಾನ್ ಅಂತ ಬರೆಯುತ್ತೇವೆ. ಅದು ಅನುಕೂಲದ ಮಾತು. ಫ್ಲಾಸ್ಕಿನಲ್ಲಿ ಕಾರ್ಬನ್ ಮೆಗ್ನೀಷಿಯಂ ಕೈ ಬಿಟ್ಟಿರಲ್ಲ, ಆ ಮೆಗ್ನೀಷಿಯಂ ಅನ್ನು ಈಥರ್‌ನ ಆಕ್ಸಿಜನ್ ಹಿಡಿದಿರುತ್ತದೆ. ವರ್ತನೆ ಮಾತ್ರ ಕಾರ್ಬಾನಯಾನ್‌ನದೇ. ಬೆಂಜೋಫಿನೋನ್ ಹಾಕಿದರೆ ಅದರ ಕಾರ್ಬೊನಿಲ್ ಕಾರ್ಬನ್‌ಗೇ, ಅಂದರೆ ಆಕ್ಸಿಜನ್ ಹಿಡಿದ ಕಾರ್ಬನ್‌ಗೇ, ಹೋಗಿ ಅಂಟುತ್ತದೆ. ಕೊನೆಗೆ ಆಮ್ಲ ಹಾಕಿ, ಪೆಟ್ರೋಲಿಯಂ ಈಥರ್‌ನಲ್ಲಿ ಬೈಫಿನೈಲ್ ಎಂಬ ಉಪೋತ್ಪನ್ನವನ್ನು ತೊಳೆದು ತೆಗೆದರೆ ಸಿಗುವುದು ಬಿಳಿ ಟ್ರೈಫಿನೈಲ್‌ಮೆಥನಾಲ್. ಶುದ್ಧವಾಗಿದ್ದರೆ 162 ಡಿಗ್ರಿ ಹತ್ತಿರ ಕರಗುತ್ತದೆ.

ಕರೆಂಟ್ ಹೋಗಿ ಓವನ್ ನಿಂತ ದಿನ ಮಾತ್ರ ಹಟ ಮಾಡಲ್ಲ, ಬದಲಿಗೆ ಡೈಬೆಂಜಾಲ್ ಅಸಿಟೋನ್ ಮಾಡುವ ಪ್ರಯೋಗ ಕೊಡುತ್ತೇನೆ. ಅಲ್ಲೂ ಕಾರ್ಬಾನಯಾನೇ. ಆದರೆ ಅಸಿಟೋನ್‌ನಿಂದ ಬಂದದ್ದು ಮೈನಸ್ ಚಾರ್ಜನ್ನು ಪಕ್ಕದ ಆಕ್ಸಿಜನ್ ಜೊತೆ ಹಂಚಿಕೊಳ್ಳುತ್ತದೆ, ಅಷ್ಟು ಹಸಿದಿರಲ್ಲ. ನೀರು, ಆಲ್ಕೋಹಾಲ್, ಕಾಸ್ಟಿಕ್ ಸೋಡಾ ಎಲ್ಲಾ ಇದ್ದರೂ ಹಳದಿ ಹರಳು ಬಂದೇ ಬರುತ್ತದೆ.