ಲ್ಯಾಬಿನ ವಾತಾವರಣ ಅಳೆದು ಸರಿಪಡಿಸುವುದು ಹೇಗೆ

ಗ್ರೂಪ್ ಮೀಟಿಂಗಿನಲ್ಲಿ ಗೈಡ್ ಒಬ್ಬರೇ ಮಾತಾಡಿ, ಪಿಎಚ್‌ಡಿ ವಿದ್ಯಾರ್ಥಿಗಳು ಬರೀ ತಲೆಯಾಡಿಸುತ್ತಿದ್ದರೆ, ಹೊಸ ಯೋಚನೆಗಳು ಕ್ಯಾಂಟೀನಿನ ಮಾತಿನಲ್ಲೇ ಕಳೆದುಹೋಗುತ್ತಿವೆ ಎಂದು ತಿಳಿಯಿರಿ.

ಮೊದಲು ಅಳೆಯಿರಿ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಯೋರಾನ್ ಎಕ್ವಾಲ್ ಕೆಲಸದ ಜಾಗದ ಸೃಜನಶೀಲ ವಾತಾವರಣವನ್ನು 10 ಅಂಶಗಳಾಗಿ ಬಿಡಿಸಿದರು: ಸವಾಲು, ಸ್ವಾತಂತ್ರ್ಯ, ಯೋಚನೆಗೆ ಬೆಂಬಲ, ನಂಬಿಕೆ, ಲವಲವಿಕೆ, ನಗು-ತಮಾಷೆ, ಚರ್ಚೆ, ಜಗಳ, ಅಪಾಯಕ್ಕೆ ಕೈಹಾಕುವ ಧೈರ್ಯ, ಯೋಚಿಸಲು ಬಿಡುವು. ಇವುಗಳಲ್ಲಿ ಕಡಿಮೆಯಿರಬೇಕಾದದ್ದು ಜಗಳ ಮಾತ್ರ. ಚರ್ಚೆಯೆಂದರೆ ವಿಚಾರಗಳ ಗುದ್ದಾಟ, ಜಗಳವೆಂದರೆ ವ್ಯಕ್ತಿಗಳದು. ಜಗಳಕ್ಕೆ ಹೆದರಿ ಚರ್ಚೆಯನ್ನೂ ನಿಲ್ಲಿಸುವುದು ದೊಡ್ಡ ತಪ್ಪು.

ಅಂಶಕ್ಕೊಂದು ವಾಕ್ಯ ಬರೆದು 0ಯಿಂದ 3ರವರೆಗೆ ಅಂಕ ಕೇಳಿ. ‘ನನಗೆ ಭಯವಾಗುತ್ತದೆ’ ಬೇಡ. ‘ಸೋತ ಪ್ರಯೋಗವನ್ನು ಇಲ್ಲಿ ಮುಚ್ಚಿಡುವುದಿಲ್ಲ’ ಎಂಬಂತಿರಲಿ. ತನ್ನ ಅಳುಕನ್ನು ಒಪ್ಪಿಕೊಳ್ಳುವುದಕ್ಕಿಂತ ಕಣ್ಣಾರೆ ಕಂಡದ್ದನ್ನು ಹೇಳುವುದು ಸುಲಭ. ಹೆಸರಷ್ಟೇ ಅಲ್ಲ, ಯಾವ ವರ್ಷದ ವಿದ್ಯಾರ್ಥಿ ಎಂದೂ ಕೇಳಬೇಡಿ. 7 ಮಂದಿಯ ಲ್ಯಾಬಿನಲ್ಲಿ ಅಷ್ಟೇ ಸಾಕು ಗುರುತು ಹಿಡಿಯಲು.

ಸರಾಸರಿ ಮೋಸಮಾಡುತ್ತದೆ. ಏಳೂ ಜನ 2 ಕೊಟ್ಟರೂ ಸರಾಸರಿ 2. 3, 3, 3, 3, 1, 1, 0 ಬಂದರೂ ಅಷ್ಟೇ. ಎರಡನೆಯದರಲ್ಲಿ ಒಂದೇ ಕೋಣೆಯೊಳಗೆ ಎರಡು ಲ್ಯಾಬುಗಳಿವೆ. ದುರಸ್ತಿ ಅಲ್ಲಿಂದ ಶುರುವಾಗಬೇಕು.

ಯೋಚನೆ ಹೊರಡಿಸಲು 6-3-5 ವಿಧಾನ ಒಳ್ಳೆಯದು: 6 ಜನ, ಒಬ್ಬೊಬ್ಬರೂ 5 ನಿಮಿಷದಲ್ಲಿ 3 ಯೋಚನೆ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. 6 ಸುತ್ತಿಗೆ 30 ನಿಮಿಷ, ಗರಿಷ್ಠ 108 ಯೋಚನೆ. ಬಾಯಿಮಾತಿನ ಸಭೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುತ್ತಲೇ ಮರೆಯುತ್ತಾರೆ. ಬರೆಯುವಾಗ ಆ ತೊಡಕಿಲ್ಲ. ಗೈಡ್ ಈ ಆರರಲ್ಲಿ ಸೇರದಿರಲಿ. ಅವರ ಹಾಳೆ ಕೈಗೆ ಬಂದೊಡನೆ ಮಿಕ್ಕವರು ಅದನ್ನೇ ತಿದ್ದಿ ಬರೆಯಲು ಶುರುಮಾಡುತ್ತಾರೆ. ಆಯ್ಕೆಯನ್ನು ಅದೇ ದಿನ ಮಾಡದೆ ಎರಡು ದಿನ ಬಿಡಿ.

ವಾರದ ಮೀಟಿಂಗಿನಲ್ಲಿ ಮೊದಲ 15 ನಿಮಿಷ ಸೋತ ಪ್ರಯೋಗಕ್ಕೇ ಮೀಸಲಿಡಿ; ಕೊನೆಗಿಟ್ಟರೆ ಸಮಯವೇ ಉಳಿಯುವುದಿಲ್ಲ. ‘ಯಾರು ಮಾಡಿದ್ದು?’ ಎನ್ನದೆ ‘ಯಾವ ಹಂತದಲ್ಲಿ ಬದಲಾಯಿತು?’ ಎಂದು ಕೇಳಿ: ರಾಸಾಯನಿಕದ ಬ್ಯಾಚೇ, ಉಷ್ಣತೆಯೇ, ಕೋಡಿನ ಆವೃತ್ತಿಯೇ? ಗೈಡ್ ತಮ್ಮದೇ ಒಂದು ಸೋಲಿನಿಂದ ಆರಂಭಿಸಿದರೆ ಕಿರಿಯರ ಬಾಯಿ ಬೇಗ ಬಿಚ್ಚುತ್ತದೆ.

ಪ್ರಬಂಧದಲ್ಲಿ ಲೇಖಕರ ಹೆಸರಿನ ಕ್ರಮವನ್ನು ಕೆಲಸ ಶುರುವಾಗುವ ಮೊದಲೇ ಬರೆದಿಡಿ, ಪಾಲು ಬದಲಾದರೆ ಎಲ್ಲರೂ ಕೂತು ತಿದ್ದಿ. ತನ್ನ ಯೋಚನೆ ಬೇರೆಯವರ ಹೆಸರಲ್ಲಿ ಅಚ್ಚಾದೀತೆಂಬ ಅನುಮಾನ ಒಮ್ಮೆ ಹೊಕ್ಕರೆ ಮೇಲಿನ ಯಾವ ಉಪಾಯವೂ ನಡೆಯದು.

ಆರು ತಿಂಗಳ ನಂತರ ಅದೇ 10 ವಾಕ್ಯಗಳನ್ನು, ಒಂದಕ್ಷರ ಬದಲಿಸದೆ, ಮತ್ತೆ ಕೇಳಿ.